ಕನ್ನಡದಲ್ಲಿ ಕಲಿತವರು ಇಂಗ್ಲಿಷಿನಲ್ಲಿ ಸಂಶೋಧನಾ ಪ್ರಬಂಧ ಬರೆಯುವುದು ಹೇಗೆ: ಸ್ನಾತಕೋತ್ತರ ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಹತ್ತನೆಯ ತರಗತಿಯವರೆಗೆ, ಕೆಲವೊಮ್ಮೆ ಪದವಿಯವರೆಗೂ ಕನ್ನಡದಲ್ಲೇ ಓದಿ ಸ್ನಾತಕೋತ್ತರ ವಿಭಾಗಕ್ಕೆ ಬಂದ ವಿದ್ಯಾರ್ಥಿಗೆ ಪಾಠ ಕೇಳುವ ಮಟ್ಟಿಗೆ, ಟಿಪ್ಪಣಿ ಓದಿಕೊಳ್ಳುವ ಮಟ್ಟಿಗೆ ಇಂಗ್ಲಿಷ್ ಹೇಗೋ ಒದಗುತ್ತದೆ. ಕಿರುಪ್ರಬಂಧವನ್ನು ಬರೆಯಲು ಕುಳಿತಾಗ ಕೈ ನಿಂತುಬಿಡುತ್ತದೆ. ಆಗ ಬಹಳಷ್ಟು ಜನ ಒಂದು ವ್ಯಾಕರಣ ಪುಸ್ತಕ ಕೊಂಡು, ಕಾಲ ಮತ್ತು ಕರ್ಮಣಿ ಪ್ರಯೋಗಗಳನ್ನು ಮತ್ತೆ ಮೊದಲಿನಿಂದ ಕಲಿಯಲು ತೊಡಗುತ್ತಾರೆ. ವಿದ್ಯಾರ್ಥಿಗಳ ಕರಡುಗಳನ್ನು ಓದುತ್ತ ಬಂದವನಾಗಿ ನಾನು ಖಚಿತವಾಗಿ ಹೇಳಬಲ್ಲೆ: ಕಷ್ಟದ ಬಹುಪಾಲು ವ್ಯಾಕರಣದ್ದಲ್ಲ. ಏನು ಹೇಳಬೇಕೆಂಬುದು ಕನ್ನಡದಲ್ಲೇ ಇನ್ನೂ ಸ್ಪಷ್ಟವಾಗದಿರುವಾಗ ಇಂಗ್ಲಿಷ್ ವಾಕ್ಯ ಹುಡುಕಲು ಹೊರಡುವುದರಿಂದ ಎರಡೂ ಕೆಡುತ್ತವೆ. ಅದಕ್ಕಾಗಿ ಇಲ್ಲಿ ಹೇಳುವ ಕ್ರಮದಲ್ಲಿ ಆಲೋಚನೆ ಮೊದಲು, ರಚನೆ ಆಮೇಲೆ, ವಾಕ್ಯದ ತಿದ್ದುಪಡಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ.

ಉದಾಹರಣೆಗೆ ಒಂದೇ ವಿಷಯವನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಆರಂಭವಾದ ಶಕ್ತಿ ಯೋಜನೆ, ಅಂದರೆ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಉಚಿತ ಪ್ರಯಾಣ. ಅರ್ಥಶಾಸ್ತ್ರದ ಒಬ್ಬ ವಿದ್ಯಾರ್ಥಿನಿ ಅದರ ಬಗ್ಗೆ ಎಂ.ಎ. ಕಿರುಪ್ರಬಂಧ ಬರೆಯಲಿದ್ದಾಳೆ ಎಂದುಕೊಳ್ಳಿ.

ಮೊದಲ ಹಂತ: ನಿಯಮಾವಳಿ ಓದಿ

ಇಂಗ್ಲಿಷಿನಲ್ಲೇ ಬರೆಯಬೇಕೇ ಎಂದು ಮೊದಲು ವಿಚಾರಿಸಿ. ಸಮಾಜವಿಜ್ಞಾನ ಮತ್ತು ಮಾನವಿಕ ವಿಷಯಗಳಲ್ಲಿ ಕನ್ನಡದಲ್ಲಿ ಬರೆಯಲು ಅವಕಾಶವಿರುವ ವಿಶ್ವವಿದ್ಯಾಲಯಗಳು ರಾಜ್ಯದಲ್ಲಿವೆ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವಂತೂ ಕನ್ನಡದ ಸಂಶೋಧನೆಗೆಂದೇ ಹುಟ್ಟಿದ್ದು. ಸ್ಥಳೀಯ ಶಾಸನ, ಜನಪದ, ಗ್ರಾಮಚರಿತ್ರೆಯಂತಹ ವಿಷಯಗಳಿಗೆ ಕನ್ನಡವೇ ಸರಿಯಾದ ಆಯ್ಕೆಯಾಗಿರಬಹುದು. ವಿಜ್ಞಾನ ವಿಷಯವಾಗಿದ್ದರೆ, ಮುಂದೆ ಹೊರಗಿನ ಪತ್ರಿಕೆಗಳಲ್ಲಿ ಪ್ರಕಟಿಸುವ ಮನಸ್ಸಿದ್ದರೆ, ಇಂಗ್ಲಿಷ್ ಅನಿವಾರ್ಯ. ಪುಟಮಿತಿ, ಉಲ್ಲೇಖಕ್ರಮ, ಅಧ್ಯಾಯ ವಿಂಗಡಣೆಗಳ ಸೂಚನೆಗಳನ್ನೂ ಈಗಲೇ ಪಡೆದುಕೊಳ್ಳಿ. ಕೊನೆಯ ವಾರದಲ್ಲಿ ಉಲ್ಲೇಖಕ್ರಮ ಬದಲಿಸುವಂತಹ ವ್ಯರ್ಥ ಶ್ರಮ ಬೇರೆಯಿಲ್ಲ.

ಎರಡನೆಯ ಹಂತ: ನಿಮ್ಮ ವಾದವನ್ನು ಕನ್ನಡದಲ್ಲಿ ಬರೆಯಿರಿ

ವಿಷಯ ಬೇರೆ, ವಾದ ಬೇರೆ. ‘ಶಕ್ತಿ ಯೋಜನೆ ಮತ್ತು ಗ್ರಾಮೀಣ ಮಹಿಳೆಯರು’ ಎಂಬುದು ವಿಷಯ. ‘ಉಚಿತ ಪ್ರಯಾಣದಿಂದ ತಾಲ್ಲೂಕು ಕೇಂದ್ರದ ಕೂಲಿ ಕೆಲಸಕ್ಕೆ ಹೋಗುವ ಮಹಿಳೆಯರ ದಿನದ ಉಳಿತಾಯ ಹೆಚ್ಚಿದೆ, ಆದರೆ ಬೆಳಗಿನ ಮೊದಲ ಬಸ್ಸು ಬಾರದ ಹಳ್ಳಿಗಳಲ್ಲಿ ಈ ಲಾಭ ಕಾಣುವುದಿಲ್ಲ’ ಎಂಬುದು ವಾದ. ಎರಡನೆಯದನ್ನು ಸಾಕ್ಷ್ಯ ಕೊಟ್ಟು ಸಮರ್ಥಿಸಬಹುದು, ಯಾರಾದರೂ ಒಪ್ಪದೆಯೂ ಇರಬಹುದು. ಒಪ್ಪದಿರಲು ಸಾಧ್ಯವೇ ಇಲ್ಲದ ಮಾತು ಸಂಶೋಧನೆಯಾಗುವುದಿಲ್ಲ.

ಕ್ಷೇತ್ರಕಾರ್ಯ ಮುಗಿಯುವ ಮುನ್ನ ಇದು ಊಹೆಯಾಗಿರುತ್ತದೆ, ಮುಗಿದ ಮೇಲೆ ಬದಲಾಗುತ್ತದೆ. ಬದಲಾಗಲಿ. ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಓದುವ ಮೇಜಿನ ಎದುರು ಅಂಟಿಸಿ. ಅದರ ಕೆಳಗೆ ಇನ್ನೂ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ: ಇದನ್ನು ನಂಬಲು ನನ್ನ ಬಳಿ ಏನು ಆಧಾರವಿದೆ? ಇದಕ್ಕೆ ವಿರುದ್ಧವಾದ ಸಂಗತಿ ಯಾವುದು? ಇದು ನಿಜವಾದರೆ ಯಾರಿಗೆ ಏನು ಬದಲಾಗುತ್ತದೆ? ಈ ಉತ್ತರಗಳು ಮನೆಯವರಿಗೂ ಅರ್ಥವಾಗುವಂತಿದ್ದರೆ ಇಂಗ್ಲಿಷಿಗೆ ಹೋಗಲು ನೀವು ಸಿದ್ಧ. ಕನ್ನಡದಲ್ಲಿ ಯೋಚಿಸಬೇಡಿ, ನೇರವಾಗಿ ಇಂಗ್ಲಿಷಿನಲ್ಲೇ ಯೋಚಿಸಿ ಎಂದು ಹಲವರು ಬುದ್ಧಿ ಹೇಳುತ್ತಾರೆ. ಆ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಿಮ್ಮ ಬುದ್ಧಿ ಅತ್ಯಂತ ಚುರುಕಾಗಿ ಓಡುವ ಭಾಷೆಯನ್ನು ಬಾಗಿಲ ಹೊರಗೆ ನಿಲ್ಲಿಸಿ ಸಂಶೋಧನೆ ಮಾಡಲಾಗದು.

ಮೂರನೆಯ ಹಂತ: ಓದುವಾಗಲೇ ಬರವಣಿಗೆ ಆರಂಭಿಸಿ

ಇಂಗ್ಲಿಷ್ ಲೇಖನ ಓದುವಾಗ ಸಾಲುಗಳಿಗೆ ಬಣ್ಣ ಹಚ್ಚುತ್ತ ಹೋಗುವುದು, ಆಮೇಲೆ ಆ ಸಾಲುಗಳನ್ನೇ ಕರಡಿಗೆ ಅಂಟಿಸುವುದು, ಕೊನೆಗೆ ಒಂದೆರಡು ಪದ ಬದಲಿಸುವುದು: ಕೃತಿಚೌರ್ಯದ ಆರೋಪ ಹೊತ್ತ ಪ್ರಾಮಾಣಿಕ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈ ದಾರಿಯಲ್ಲೇ ಅಲ್ಲಿಗೆ ತಲುಪಿದವರು. ಉದ್ದೇಶಪೂರ್ವಕ ಕಳ್ಳತನ ಅದಲ್ಲ. ಸ್ವಂತ ವಾಕ್ಯದ ಮೇಲೆ ನಂಬಿಕೆಯಿಲ್ಲದೆ ಮೂಲದ ವಾಕ್ಯಕ್ಕೆ ಜೋತುಬಿದ್ದುದರ ಫಲ.

ಇದಕ್ಕೆ ಕನ್ನಡವೇ ಅತ್ಯುತ್ತಮ ಮದ್ದು. ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ಅದರ ಸಾರವನ್ನು ಕನ್ನಡದಲ್ಲಿ ಬರೆಯಿರಿ. ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲೇ ಉಳಿಸಿ. ಪಕ್ಕದಲ್ಲಿ ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಇರಲಿ. ಪುಟಸಂಖ್ಯೆ ಇಲ್ಲದ ಟಿಪ್ಪಣಿ ಅರ್ಧ ಟಿಪ್ಪಣಿ. ಕೆಲವು ದಿನಗಳ ನಂತರ, ಮೂಲ ಲೇಖನ ತೆರೆಯದೆ, ಆ ಕನ್ನಡ ಟಿಪ್ಪಣಿಯಿಂದ ಇಂಗ್ಲಿಷ್ ವಾಕ್ಯ ಕಟ್ಟಿ. ಕನ್ನಡದ ಮೂಲಕ ಹಾದು ಬಂದ ವಾಕ್ಯಕ್ಕೆ ಮೂಲದ ಪದಜೋಡಣೆ ಉಳಿದಿರುವ ಸಾಧ್ಯತೆ ಬಹಳ ಕಡಿಮೆ. ಆಮೇಲೆ ಮೂಲವನ್ನು ತೆರೆದು, ಅರ್ಥ ತಪ್ಪಿಲ್ಲವೆಂದು ನೋಡಿ, ಉಲ್ಲೇಖ ಸೇರಿಸಿ. ಆಲೋಚನೆ ಅವರದೇ ಆದ್ದರಿಂದ ಉಲ್ಲೇಖ ಕಡ್ಡಾಯ. ಕನ್ನಡ ಪುಸ್ತಕವೊಂದರ ಪ್ಯಾರಾವನ್ನು ಇಂಗ್ಲಿಷಿಗೆ ಅನುವಾದಿಸಿ ಮೂಲ ಹೇಳದೆ ಬಿಡುವುದೂ ಕೃತಿಚೌರ್ಯವೇ. ಹೋಲಿಕೆ ಹುಡುಕುವ ತಂತ್ರಾಂಶಕ್ಕೆ ಸಿಗದಿದ್ದರೂ ಕನ್ನಡ ಬಲ್ಲ ಪರೀಕ್ಷಕರಿಗೆ ಸಿಗುತ್ತದೆ.

ಆಕರಗಳನ್ನು ಜೋಪಾನ ಮಾಡಲು ಝೊಟೆರೊ ಎಂಬ ಉಚಿತ ತಂತ್ರಾಂಶವನ್ನು ಮೊದಲ ದಿನದಿಂದಲೇ ಬಳಸಿ. ನಿಮ್ಮ ವಿಷಯದಲ್ಲಿ ಈ ಹಿಂದೆ ನಡೆದ ಕೆಲಸವನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಎಂಬ ಪಿಎಚ್.ಡಿ. ಪ್ರಬಂಧಗಳ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಅಲ್ಲಿನ ಪ್ರಬಂಧಗಳನ್ನು ಮಾಹಿತಿಗೆ ನೋಡಿ, ಭಾಷೆಯ ಮಾದರಿಯಾಗಿ ಬೇಡ. ಭಾಷೆಗೆ ನಿಮ್ಮ ಕ್ಷೇತ್ರದ ಒಳ್ಳೆಯ ಪತ್ರಿಕೆಯ ಇತ್ತೀಚಿನ ಎರಡು ಮೂರು ಲೇಖನಗಳನ್ನು ಆರಿಸಿಕೊಂಡು ಮತ್ತೆ ಮತ್ತೆ ಓದುವುದೇ ಸರಿ.

ನಾಲ್ಕನೆಯ ಹಂತ: ಪೀಠಿಕೆಯನ್ನು ವೇದಕಾಲದಿಂದ ಆರಂಭಿಸಬೇಡಿ

‘ಪ್ರಾಚೀನ ಕಾಲದಿಂದಲೂ ಭಾರತದಲ್ಲಿ ಮಹಿಳೆಗೆ ಗೌರವದ ಸ್ಥಾನವಿತ್ತು’ ಎಂದು ಶುರುವಾಗುವ ಪೀಠಿಕೆ ಹತ್ತು ಪುಟ ದಾಟಿದರೂ ಬಸ್ಸಿನ ಸುದ್ದಿ ಬರುವುದಿಲ್ಲ. ಸಂಶೋಧನಾ ಪೀಠಿಕೆಗಳು ಸಾಮಾನ್ಯವಾಗಿ ಹೇಗೆ ಸಾಗುತ್ತವೆ ಎಂಬುದನ್ನು ಭಾಷಾವಿಜ್ಞಾನಿ ಜಾನ್ ಸ್ವೇಲ್ಸ್ 1990ರಲ್ಲಿ ಮೂರು ನಡೆಗಳಾಗಿ ವಿವರಿಸಿದರು. ಈ ಕ್ಷೇತ್ರ ಯಾವುದು, ಏಕೆ ಮುಖ್ಯ ಎಂಬುದು ಮೊದಲನೆಯದು. ಅಲ್ಲಿ ಇನ್ನೂ ತುಂಬದ ಜಾಗ ಯಾವುದು ಎಂಬುದು ಎರಡನೆಯದು. ಆ ಜಾಗವನ್ನು ಈ ಅಧ್ಯಯನ ಹೇಗೆ ತುಂಬುತ್ತದೆ ಎಂಬುದು ಮೂರನೆಯದು.

ನಮ್ಮ ವಿದ್ಯಾರ್ಥಿನಿ ಇದನ್ನು ಹೀಗೆ ಮಾಡಬಹುದು. ಗ್ರಾಮೀಣ ಮಹಿಳೆಯರ ದುಡಿಮೆಗೂ ಸಾರಿಗೆಗೂ ಇರುವ ಸಂಬಂಧದ ಬಗ್ಗೆ ಎರಡು ಪ್ಯಾರಾ. ತಾನು ಓದಿದ ಅಧ್ಯಯನಗಳು ನಗರದ ಪ್ರಯಾಣಿಕರ ಸುತ್ತಲೇ ಇದ್ದರೆ, ಒಳಹಳ್ಳಿಗಳ ಮಾತು ಅವುಗಳಲ್ಲಿಲ್ಲ ಎಂದು ಒಂದು ಪ್ಯಾರಾ. ತಾನು ಯಾವ ತಾಲ್ಲೂಕಿನಲ್ಲಿ, ಯಾರನ್ನು, ಯಾವ ಅವಧಿಯಲ್ಲಿ ಮಾತನಾಡಿಸಿದೆ ಎಂದು ಇನ್ನೊಂದು. ಎರಡನೆಯ ನಡೆಯಲ್ಲಿ ‘ಈ ಬಗ್ಗೆ ಯಾವ ಅಧ್ಯಯನವೂ ನಡೆದಿಲ್ಲ’ ಎಂಬ ಘೋಷಣೆ ಬೇಡ. ಒಂದೇ ಒಂದು ಅಧ್ಯಯನ ಪರೀಕ್ಷಕರಿಗೆ ಗೊತ್ತಿದ್ದರೂ ಆ ವಾಕ್ಯ ಬಿದ್ದುಹೋಗುತ್ತದೆ.

ಸಾಹಿತ್ಯ ಸಮೀಕ್ಷೆಗೂ ಇದೇ ಕಾಳಜಿ ಬೇಕು. ಒಬ್ಬ ಲೇಖಕರಿಗೆ ಒಂದು ಪ್ಯಾರಾದಂತೆ ವರ್ಷಾನುಕ್ರಮದಲ್ಲಿ ಜೋಡಿಸಿದರೆ ಅದು ಪಟ್ಟಿ ಮಾತ್ರ. ಒಂದು ದೊಡ್ಡ ಹಾಳೆಯಲ್ಲಿ ಅಡ್ಡಸಾಲಿಗೆ ಲೇಖನಗಳನ್ನೂ ಕಂಬಸಾಲಿಗೆ ಪ್ರಶ್ನೆ, ವಿಧಾನ, ಸ್ಥಳ, ಫಲಿತಾಂಶಗಳನ್ನೂ ಬರೆದು ಕೋಷ್ಟಕ ಮಾಡಿ. ಯಾರು ಯಾರನ್ನು ಒಪ್ಪುತ್ತಾರೆ, ಎಲ್ಲಿ ಭಿನ್ನಮತವಿದೆ ಎಂದು ಕಂಬಸಾಲುಗಳಲ್ಲಿ ಕಾಣುತ್ತದೆ. ಪ್ಯಾರಾಗಳನ್ನು ಆ ಕಂಬಸಾಲುಗಳಿಂದ ಕಟ್ಟಿ.

ಐದನೆಯ ಹಂತ: ಪ್ಯಾರಾದ ತಲೆಯಲ್ಲೇ ಮುಖ್ಯ ಮಾತು

ಕನ್ನಡದ ಪ್ರಬಂಧಗಳಲ್ಲಿ ಹಿನ್ನೆಲೆ, ಸಂದರ್ಭ, ಉದಾಹರಣೆ ಎಲ್ಲ ಹೇಳಿ ಕೊನೆಗೆ ತೀರ್ಮಾನಕ್ಕೆ ಬರುವ ಸೊಗಸಾದ ರೂಢಿಯಿದೆ. ಇಂಗ್ಲಿಷ್ ಸಂಶೋಧನಾ ಬರಹದ ಓದುಗರು ಪ್ಯಾರಾದ ಮೊದಲ ವಾಕ್ಯದಲ್ಲೇ ತೀರ್ಮಾನ ಹುಡುಕುತ್ತಾರೆ. ಮೊದಲು ಹೇಳಿಕೆ, ನಂತರ ಆಧಾರ, ಆಮೇಲೆ ಆ ಆಧಾರದ ಅರ್ಥವೇನೆಂಬ ನಿಮ್ಮ ವಿವರಣೆ. ಮೂರನೆಯದು ನಮ್ಮ ಕರಡುಗಳಲ್ಲಿ ಸದಾ ಕಾಣೆಯಾಗಿರುತ್ತದೆ. ಕೋಷ್ಟಕ ಕೊಟ್ಟು, ಕೋಷ್ಟಕದ ಸಂಖ್ಯೆಗಳನ್ನೇ ವಾಕ್ಯದಲ್ಲಿ ಮತ್ತೊಮ್ಮೆ ಹೇಳಿ ಮುಂದೆ ಹೋಗುತ್ತಾರೆ. ಆ ಸಂಖ್ಯೆ ಏಕೆ ಹಾಗಿದೆ ಎಂದು ಹೇಳುವ ಎರಡು ವಾಕ್ಯಗಳಲ್ಲೇ ನಿಮ್ಮ ಸಂಶೋಧನೆ ಇರುವುದು.

ಪರಿಶೀಲಿಸುವ ವಿಧಾನ ಸರಳ. ಅಧ್ಯಾಯದ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಬೇರೆ ಹಾಳೆಗೆ ನಕಲು ಮಾಡಿ ಓದಿ. ಅವಷ್ಟರಿಂದಲೇ ಅಧ್ಯಾಯದ ವಾದ ತಿಳಿಯಬೇಕು.

ಆರನೆಯ ಹಂತ: ಕನ್ನಡದ ಹಾಸು ಇಂಗ್ಲಿಷ್ ವಾಕ್ಯದಲ್ಲಿ ಎಲ್ಲೆಲ್ಲಿ ಉಳಿಯುತ್ತದೆ

ಈಗ ವಾಕ್ಯಕ್ಕೆ ಬರೋಣ. ಕನ್ನಡಿಗರ ಇಂಗ್ಲಿಷ್ ತಪ್ಪುಗಳು ಯಾದೃಚ್ಛಿಕವಲ್ಲ. ಅವುಗಳಿಗೆ ಕಾರಣ ನಮ್ಮ ವ್ಯಾಕರಣದಲ್ಲೇ ಸಿಗುತ್ತದೆ. ಕಾರಣ ಗೊತ್ತಾದರೆ ತಿದ್ದುವುದು ಸುಲಭ.

ಮೊದಲನೆಯದು ‘ಎ’, ‘ದ’ ಎಂಬ ಉಪಪದಗಳು. ಕನ್ನಡದಲ್ಲಿ ಅವು ಇಲ್ಲವಾದ್ದರಿಂದ ‘ಗವರ್ನಮೆಂಟ್ ಲಾಂಚ್ಡ್ ಸ್ಕೀಮ್’ ಎಂದು ಬರೆದರೂ ಕಿವಿಗೆ ಏನೂ ಕೊರತೆ ಅನ್ನಿಸುವುದಿಲ್ಲ. ಆದರೆ ಆ ಭೇದದ ಅರಿವು ನಮಗೆ ಇದೆ. ‘ಪುಸ್ತಕ ಓದಿದೆ’ ಎಂಬುದಕ್ಕೂ ‘ಪುಸ್ತಕವನ್ನು ಓದಿದೆ’ ಎಂಬುದಕ್ಕೂ ಇರುವ ಅಂತರ ನೋಡಿ: ಎರಡನೆಯದರಲ್ಲಿ ಯಾವುದೋ ಗೊತ್ತಿರುವ ಪುಸ್ತಕದ ಸೂಚನೆ ಹೆಚ್ಚು. ಪ್ರತಿ ನಾಮಪದದ ಮುಂದೆ ನಿಂತು ‘ಯಾವುದು?’ ಎಂದು ಕೇಳಿ. ಓದುಗರಿಗೆ ಈಗಾಗಲೇ ಉತ್ತರ ಗೊತ್ತಿದ್ದರೆ ‘ದ’. ಮೊದಲ ಸಲ ಪರಿಚಯಿಸುತ್ತಿದ್ದು, ಎಣಿಸಬಹುದಾದ ಒಂದು ವಸ್ತುವಾಗಿದ್ದರೆ ‘ಎ’ ಅಥವಾ ‘ಆನ್’. ಒಟ್ಟಾರೆ ಎಲ್ಲದರ ಬಗ್ಗೆ ಹೇಳುತ್ತಿದ್ದರೆ ಬಹುವಚನ, ಉಪಪದವಿಲ್ಲದೆ. ಎಲ್ಲ ಸಂದರ್ಭಕ್ಕೂ ಇದು ಸಾಲದು, ಬಹುಪಾಲಿಗೆ ಸಾಕು.

ಎರಡನೆಯದು ವಚನ. ‘ಹತ್ತು ಹಳ್ಳಿ ಸುತ್ತಿದೆ’ ಎನ್ನುವುದು ಸರಿಯಾದ ಕನ್ನಡ, ಸಂಖ್ಯೆಯೇ ಬಹುತ್ವ ಹೇಳುತ್ತದೆ. ಇಂಗ್ಲಿಷಿನಲ್ಲಿ ‘ಟೆನ್ ವಿಲೇಜ್’ ನಿಲ್ಲುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಎಣಿಸಲಾಗದ ಪದಗಳಿಗೆ ನಾವು ಬಹುವಚನ ಹಚ್ಚುತ್ತೇವೆ: ‘ಇನ್‌ಫರ್ಮೇಶನ್ಸ್’, ‘ಎಕ್ವಿಪ್‌ಮೆಂಟ್ಸ್’, ‘ಲಿಟರೇಚರ್ಸ್’. ‘ಡೇಟಾಸ್’ ಎಂಬುದಂತೂ ಯಾವ ಕಡೆಯಿಂದಲೂ ಸರಿಯಲ್ಲ.

ಮೂರನೆಯದು ಕ್ರಿಯಾಪದ. ‘ತೋರಿಸುತ್ತಿದೆ’, ‘ಹೊಂದುತ್ತಿದ್ದಾರೆ’ ಎಂಬ ನಮ್ಮ ರೂಪಗಳ ಪ್ರಭಾವದಿಂದ ‘ಟೇಬಲ್ ಈಸ್ ಶೋಯಿಂಗ್’, ‘ವಿಮೆನ್ ಆರ್ ಹ್ಯಾವಿಂಗ್’ ಎಂದು ಬರುತ್ತದೆ. ಕೋಷ್ಟಕದ ವಿಷಯಕ್ಕೆ ಸಾದಾ ವರ್ತಮಾನ, ನೀವು ಮಾಡಿದ ಸಮೀಕ್ಷೆಗೆ ಭೂತಕಾಲ. ಇಲ್ಲಿ ಒಂದು ಎಚ್ಚರಿಕೆ: ಸಾರಲೇಖದಲ್ಲಿ, ಅಂದರೆ ಸಂಶೋಧನೆಗೆ ಮುನ್ನ ಸಲ್ಲಿಸುವ ಸಿನಾಪ್ಸಿಸ್‌ನಲ್ಲಿ, ‘ದತ್ತಾಂಶ ಸಂಗ್ರಹಿಸಲಾಗುವುದು’ ಎಂದು ಭವಿಷ್ಯತ್ಕಾಲದಲ್ಲಿ ಬರೆದಿರುತ್ತೀರಿ. ಅದನ್ನೇ ಪ್ರಬಂಧದ ವಿಧಾನ ಅಧ್ಯಾಯಕ್ಕೆ ನಕಲು ಮಾಡಿ ಕಾಲ ಬದಲಿಸಲು ಮರೆತರೆ, ಮುಗಿದ ಅಧ್ಯಯನ ಇನ್ನೂ ನಡೆಯಬೇಕಾಗಿದೆ ಎಂದು ಓದುಗರಿಗೆ ಅನ್ನಿಸುತ್ತದೆ. ಕ್ರಿಯಾಪದ ಕರ್ತೃವಿನಿಂದ ದೂರವಿದ್ದಾಗ ಹತ್ತಿರದ ನಾಮಪದಕ್ಕೆ ಹೊಂದಿಸಿಬಿಡುವ ತಪ್ಪೂ ಸಾಮಾನ್ಯ. ‘ದ ಇನ್‌ಕಮ್ ಆಫ್ ವಿಮೆನ್ ವರ್ಕರ್ಸ್’ ಎಂಬುದರ ಮುಂದೆ ‘ಹ್ಯಾಸ್’ ಬರಬೇಕು, ಏಕೆಂದರೆ ಹೆಚ್ಚಿದ್ದು ಆದಾಯ.

ನಾಲ್ಕನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಕೃದಂತಗಳ ಸರಪಳಿ. ‘ಹಳ್ಳಿಗಳಿಗೆ ಹೋಗಿ, ಮಹಿಳೆಯರನ್ನು ಭೇಟಿ ಮಾಡಿ, ಪ್ರಶ್ನಾವಳಿ ತುಂಬಿಸಿಕೊಂಡು ಬಂದು ದತ್ತಾಂಶವನ್ನು ವಿಶ್ಲೇಷಿಸಲಾಯಿತು.’ ಕನ್ನಡದಲ್ಲಿ ಇದು ಸಲೀಸಾಗಿ ಓದಿಸಿಕೊಳ್ಳುತ್ತದೆ. ಹೋದವರು ಯಾರೆಂದು ಹೇಳದಿದ್ದರೂ ತಿಳಿಯುತ್ತದೆ. ಹಾಗೆಯೇ ಇಂಗ್ಲಿಷಿಗೆ ತಂದರೆ ದತ್ತಾಂಶವೇ ಹಳ್ಳಿಗೆ ಹೋಗಿಬಂದಂತೆ ಅರ್ಥವಾಗುತ್ತದೆ. ಪರಿಹಾರವೇನೆಂದರೆ, ಪ್ರತಿಯೊಂದು ‘ಹೋಗಿ’, ‘ಮಾಡಿ’, ‘ಬಂದು’ಗೂ ಕರ್ತೃವನ್ನು ಹುಡುಕಿ, ಸರಪಳಿಯನ್ನು ಎರಡು ಅಥವಾ ಮೂರು ವಾಕ್ಯಗಳಾಗಿ ತುಂಡರಿಸುವುದು. ‘ನಾನು ಭೇಟಿ ಮಾಡಿದೆ’ ಎಂದು ಉತ್ತಮಪುರುಷದಲ್ಲಿ ಬರೆಯಲು ಹಿಂಜರಿಕೆ ಬೇಡ. ಇಂದು ಅನೇಕ ಪತ್ರಿಕೆಗಳು ಅದನ್ನು ಸ್ವೀಕರಿಸುತ್ತವೆ. ನಿಮ್ಮ ವಿಭಾಗದ ರೂಢಿಯನ್ನು ಮಾರ್ಗದರ್ಶಕರಲ್ಲಿ ಕೇಳಿಕೊಳ್ಳಿ.

ಐದನೆಯದು ವಿಶೇಷಣ ವಾಕ್ಯ. ‘ಬೆಳಗ್ಗೆ ಆರಕ್ಕೆ ಹೊರಡುವ ಬಸ್ಸಿನಲ್ಲಿ ತಾಲ್ಲೂಕಿಗೆ ಹೋಗಿ ಗಾರೆ ಕೆಲಸ ಮಾಡುವ ಮಹಿಳೆಯರು’ ಎಂದು ನಾವು ನಾಮಪದಕ್ಕೆ ಮೊದಲೇ ಎಷ್ಟು ಬೇಕಾದರೂ ಹೇರಬಹುದು. ಇಂಗ್ಲಿಷ್ ಮೊದಲು ‘ಮಹಿಳೆಯರು’ ಎಂದು ಹೇಳಿ ಆಮೇಲೆ ವಿವರಿಸುತ್ತದೆ. ಅಲ್ಲದೆ ವಿವರಣೆ ಉದ್ದವಾದರೆ ಕ್ರಿಯಾಪದ ಹಿಂದೆ ಬೀಳುತ್ತದೆ. ಹಾಗಾಗಿ ಒಂದು ವಾಕ್ಯಕ್ಕೆ ಒಂದೇ ವಿವರಣೆ ಇಟ್ಟುಕೊಳ್ಳಿ.

‘ಡಿಸ್ಕಸ್ ಅಬೌಟ್’, ‘ಕೋಪ್ ಅಪ್ ವಿತ್’, ‘ಕಂಪ್ರೈಸ್ ಆಫ್’ ಮುಂತಾದ, ಬೇಡದ ಪದ ಸೇರಿಕೊಂಡ ಜೋಡಣೆಗಳನ್ನು (ಸರಿಯಾದವು ‘ಡಿಸ್ಕಸ್’, ‘ಕೋಪ್ ವಿತ್’, ‘ಕಂಪ್ರೈಸ್’) ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಕೊನೆಯಲ್ಲಿ ಕಂಪ್ಯೂಟರಿನಲ್ಲಿ ಹುಡುಕಿ ತಿದ್ದಿದರೆ ಸಾಕು.

ಏಳನೆಯ ಹಂತ: ಪದಸಂಪತ್ತು ಮತ್ತು ಮಾತಿನ ತೂಕ

ಶೈಕ್ಷಣಿಕ ಬರಹಕ್ಕೆ ಕ್ಲಿಷ್ಟ ಪದಗಳ ಮೆರವಣಿಗೆ ಬೇಕಿಲ್ಲ. ಭಾಷಾಸಂಶೋಧಕಿ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಪಟ್ಟಿಯಲ್ಲಿ ಇರುವುದು 570 ಪದಕುಟುಂಬಗಳು, ಅಂದರೆ ಒಂದೇ ಮೂಲದಿಂದ ಬಂದ ಪದಗಳ ಗುಂಪುಗಳು ಮಾತ್ರ. ಶೈಕ್ಷಣಿಕ ಪಠ್ಯಗಳ ಸುಮಾರು ಶೇಕಡಾ 10ರಷ್ಟು ಪದಗಳು ಅವುಗಳಿಂದಲೇ ಬರುತ್ತವೆ. ಆ ಪಟ್ಟಿ ಉಚಿತವಾಗಿ ಸಿಗುತ್ತದೆ. ವಾಕ್ಯದ ಚೌಕಟ್ಟುಗಳಿಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಕಾಡೆಮಿಕ್ ಫ್ರೇಸ್‌ಬ್ಯಾಂಕ್ ಇದೆ. ಅಲ್ಲಿರುವುದು ಯಾರ ಆಲೋಚನೆಯೂ ಅಲ್ಲದ ಸಾಮಾನ್ಯ ಚೌಕಟ್ಟುಗಳಾದ್ದರಿಂದ ನಿರ್ಭಯವಾಗಿ ಬಳಸಬಹುದು.

ತೂಕದ ವಿಷಯದಲ್ಲಿ ಹೆಚ್ಚು ಶ್ರಮ ಬೇಕು. ನೂರು ಮಹಿಳೆಯರನ್ನು ಮಾತನಾಡಿಸಿ ‘ಶಕ್ತಿ ಯೋಜನೆ ಗ್ರಾಮೀಣ ಮಹಿಳೆಯ ಬದುಕನ್ನೇ ಬದಲಿಸಿದೆ ಎಂದು ಸಾಬೀತಾಗಿದೆ’ ಎಂದರೆ ಅದು ಭಾಷಣ. ‘ಪ್ರೂವ್’ ತೆಗೆದು ‘ಸಜೆಸ್ಟ್’ ಹಾಕಿ. ‘ವಿಲ್’ ಇರುವಲ್ಲಿ ‘ಮೇ’ ಸಾಕೇ ಎಂದು ನೋಡಿ. ಹೇಳಿಕೆಯ ವ್ಯಾಪ್ತಿಯನ್ನೂ ಕಿರಿದಾಗಿಸಿ: ‘ಈ ತಾಲ್ಲೂಕಿನ ಮಾದರಿಯಲ್ಲಿ’. ಬೇರೆಯವರ ಮಾತನ್ನು ತರುವಾಗಲೂ ಎಲ್ಲರಿಗೂ ‘ಸೇಸ್’ ಬೇಡ. ಅವರು ವಾದಿಸುತ್ತಿದ್ದರೆ ‘ಆರ್ಗ್ಯೂ’, ದತ್ತಾಂಶದಿಂದ ತೋರಿಸಿದ್ದರೆ ‘ಶೋ’, ಹೇಳಿಕೆಯ ಬಗ್ಗೆ ನಿಮಗೆ ಸಂದೇಹವಿದ್ದರೆ ‘ಕ್ಲೇಮ್’. ಹಿರಿಯ ವಿದ್ವಾಂಸರ ಹೆಸರಿನ ಹಿಂದೆ ‘ಪ್ರೊ.’, ‘ಡಾ.’, ‘ಶ್ರೀ’ ಹಾಕದಿರುವುದು ಅಗೌರವವಲ್ಲ, ಇಂಗ್ಲಿಷ್ ಉಲ್ಲೇಖದ ಪದ್ಧತಿಯೇ ಹಾಗೆ.

ಎಂಟನೆಯ ಹಂತ: ಕನ್ನಡ ಆಕರಗಳನ್ನು ಗೌರವದಿಂದ ಬಳಸಿ

ಇಂಗ್ಲಿಷ್ ಪ್ರಬಂಧವೆಂದು ಕನ್ನಡದ ಆಕರಗಳನ್ನು ಬಿಟ್ಟುಬಿಡುವವರನ್ನು ಕಂಡು ನನಗೆ ನಿಜವಾಗಿ ನೋವಾಗುತ್ತದೆ. ಹೊರಗಿನ ಸಂಶೋಧಕರಿಗೆ ಸುಲಭವಾಗಿ ಸಿಗದ ಸಂಪತ್ತು ಅದು. ಬಳಸುವ ಕ್ರಮ ಕಲಿಯಬೇಕು ಅಷ್ಟೇ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಉಲ್ಲೇಖಶೈಲಿಯಲ್ಲಿ ಕನ್ನಡ ಶೀರ್ಷಿಕೆಯನ್ನು ರೋಮನ್ ಲಿಪಿಗೆ ತಂದು, ಪಕ್ಕದಲ್ಲಿ ಚೌಕಾವರಣದೊಳಗೆ ಇಂಗ್ಲಿಷ್ ಅನುವಾದ ಕೊಡಬೇಕು. ಲಿಪ್ಯಂತರಕ್ಕೆ, ಭಾರತೀಯ ಲಿಪಿಗಳನ್ನು ರೋಮನ್‌ಗೆ ತರುವ ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ 15919ರಂತಹ ಒಂದು ಪದ್ಧತಿಯನ್ನು ಆರಿಸಿ ಕೊನೆಯವರೆಗೂ ಪಾಲಿಸಿ. ಚಿಹ್ನೆಗಳಿಲ್ಲದ ರೋಮನ್ ಲಿಪಿಯಲ್ಲಿ ‘ಬೆಳೆ’ಯೂ ‘ಬೆಲೆ’ಯೂ ಒಂದೇ ಆಗಿಬಿಡುತ್ತವೆ, ಕೃಷಿ ಅರ್ಥಶಾಸ್ತ್ರದ ಪ್ರಬಂಧದಲ್ಲಿ ಅದು ಸಣ್ಣ ತೊಡಕಲ್ಲ.

ಹೆಸರುಗಳಲ್ಲಿ ನಮ್ಮಲ್ಲಿ ಊರಿನ, ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ ಬರುತ್ತವೆ. ಎಂ.ಎಂ. ಕಲಬುರ್ಗಿ ಅವರನ್ನು ಆಕರಸೂಚಿಯಲ್ಲಿ ‘ಕಲಬುರ್ಗಿ, ಎಂ.ಎಂ.’ ಎಂದು ಹಾಕಬೇಕು. ರೋಮನ್ ಅಕ್ಷರಗಳಲ್ಲಿ ಅವರ ಹೆಸರಿಗೆ ಒಂದಕ್ಕಿಂತ ಹೆಚ್ಚು ಕಾಗುಣಿತಗಳಿದ್ದರೆ ಒಂದನ್ನೇ ಉಳಿಸಿಕೊಳ್ಳಿ. ಊರುಗಳ ವಿಷಯದಲ್ಲಿ 2014ರ ನವೆಂಬರ್ 1ರಿಂದ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಮುಂತಾದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾಗಿವೆ. ನಿಮ್ಮ ವಾಕ್ಯದಲ್ಲಿ ಹೊಸ ರೂಪ, ಹಳೆಯ ಗ್ರಂಥದ ಶೀರ್ಷಿಕೆಯಲ್ಲಿ ಹಳೆಯ ರೂಪವೇ ಇರಲಿ. ಶಕವರ್ಷಕ್ಕೆ 78 ಸೇರಿಸಿ ಕ್ರಿಸ್ತಶಕವನ್ನೂ ಕೊಡಿ. ಗುಂಟೆ ಎಂದಾಗ 40 ಗುಂಟೆಗೆ ಒಂದು ಎಕರೆ ಎಂದು, ಲಕ್ಷ ಎಂದಾಗ ಅದರ ಅಂತರರಾಷ್ಟ್ರೀಯ ರೂಪವನ್ನು ಮೊದಲ ಸಲವೇ ತಿಳಿಸಿ.

ಕ್ಷೇತ್ರಕಾರ್ಯದ ಸಂದರ್ಶನ ಕನ್ನಡದಲ್ಲಿ ನಡೆದಿದ್ದರೆ, ಅನುವಾದಿಸಿದವರು ಯಾರೆಂದು ವಿಧಾನ ಅಧ್ಯಾಯದಲ್ಲಿ ಹೇಳಿ. ಅನುವಾದದಲ್ಲಿ ಆ ಹೆಣ್ಣುಮಕ್ಕಳ ಮಾತನ್ನು ಪುಸ್ತಕದ ಇಂಗ್ಲಿಷಿಗೆ ಇಸ್ತ್ರಿ ಮಾಡಬೇಡಿ. ಅವರು ಬಳಸಿದ ಮುಖ್ಯ ಕನ್ನಡ ಪದವನ್ನು ಹಾಗೇ ಉಳಿಸಿ, ಅರ್ಥ ಕೊಡಿ.

ಒಂಬತ್ತನೆಯ ಹಂತ: ಹೋಲಿಕೆ ತಪಾಸಣೆಯ ನಿಯಮ

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಬೇರೆಯವರ ಬರಹದೊಂದಿಗೆ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಪ್ರಬಂಧಗಳ ವಿಷಯದಲ್ಲಿ ಶೇಕಡಾ 10ರಿಂದ 40ರವರೆಗೆ ಇದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಮರುಸಲ್ಲಿಕೆಗೆ ಅವಕಾಶವಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಉಲ್ಲೇಖಸಹಿತ ಉದ್ಧರಣೆಗಳು, ಆಕರಸೂಚಿ, ಕೃತಜ್ಞತೆ, ಪರಿವಿಡಿ ಮುಂತಾದವನ್ನು ಲೆಕ್ಕದಿಂದ ಹೊರಗಿಡಲಾಗುತ್ತದೆ. ಅಂತಿಮ ಸಲ್ಲಿಕೆಗೆ ಮೊದಲೇ ಗ್ರಂಥಾಲಯದಲ್ಲಿ ಒಂದು ತಪಾಸಣೆ ಮಾಡಿಸಿಕೊಳ್ಳಿ. ವರದಿಯಲ್ಲಿ ಶೇಕಡಾವಾರು ಸಂಖ್ಯೆಗಿಂತ ಬಣ್ಣ ಬಂದಿರುವ ಪ್ಯಾರಾಗಳನ್ನು ಓದಿ. ಶೇಕಡಾ 6 ಬಂದಿದ್ದರೂ ಅದು ಪೂರ್ತಿ ಒಂದೇ ಪುಟದಲ್ಲಿದ್ದರೆ ಆ ಪುಟವನ್ನು ಮತ್ತೆ ಬರೆಯಬೇಕು.

ಚಾಟ್‌ಜಿಪಿಟಿಯಂತಹ ಉಪಕರಣಗಳ ವಿಷಯದಲ್ಲಿ ನಿಮ್ಮ ವಿಶ್ವವಿದ್ಯಾಲಯದ ನಿಯಮವೇ ಅಂತಿಮ. ಅನುಮತಿಯಿದ್ದರೆ, ನೀವೇ ಬರೆದ ಪ್ಯಾರಾದ ತಪ್ಪುಗಳನ್ನು ಕಾರಣ ಸಹಿತ ಪಟ್ಟಿ ಮಾಡಲು ಕೇಳಿ, ತಿದ್ದುವ ಕೆಲಸವನ್ನು ನೀವೇ ಮಾಡಿ. ಆಕರಗಳನ್ನು ಮಾತ್ರ ಎಂದೂ ಕೇಳಬೇಡಿ: ಇಲ್ಲದ ಲೇಖನಕ್ಕೆ ಇರುವಂತಹ ಶೀರ್ಷಿಕೆ, ವರ್ಷ, ಪುಟಸಂಖ್ಯೆ ಹುಟ್ಟಿಸಿಕೊಡುವ ಚಟ ಅವುಗಳಿಗಿದೆ. ಯಂತ್ರಾನುವಾದಕ್ಕೆ ಕರ್ತೃವಿಲ್ಲದ ಕನ್ನಡ ವಾಕ್ಯ ಕೊಟ್ಟರೆ ಅದು ತನಗೆ ತೋಚಿದ ಕರ್ತೃವನ್ನು ಸೇರಿಸಿಬಿಡುತ್ತದೆ. ಕೊಡುವ ಮೊದಲು ಯಾರು, ಯಾರಿಗೆ ಎಂಬುದನ್ನು ತುಂಬಿ.

ಹತ್ತನೆಯ ಹಂತ: ತಿದ್ದುವ ಸರದಿ

ಒಂದೇ ಓದಿನಲ್ಲಿ ಎಲ್ಲವನ್ನೂ ತಿದ್ದಲು ಹೊರಟರೆ ಅಲ್ಪವಿರಾಮಗಳು ಸರಿಯಾಗಿ, ವಾದ ಹಾಗೇ ಉಳಿಯುತ್ತದೆ. ಮೊದಲ ಓದು ವಾದಕ್ಕೆ, ಎರಡನೆಯದು ಪ್ಯಾರಾಗಳಿಗೆ, ಮೂರನೆಯದು ಆರನೆಯ ಹಂತದಲ್ಲಿ ಹೇಳಿದ ತಪ್ಪುಗಳಿಗೆ. ಕೊನೆಯ ಓದನ್ನು ಗಟ್ಟಿಯಾಗಿ ಓದಿ. ಉಸಿರು ಸಾಲದ ವಾಕ್ಯವನ್ನು ತುಂಡರಿಸಿ.

ಮಾರ್ಗದರ್ಶಕರಿಗೆ ಇಡೀ ಅಧ್ಯಾಯ ಕಳುಹಿಸಿ ‘ದಯವಿಟ್ಟು ನೋಡಿ’ ಎಂದರೆ ತಿಂಗಳು ಕಳೆಯಬಹುದು. ಐದು ಪುಟ ಕಳುಹಿಸಿ ‘ಎರಡನೆಯ ಕೋಷ್ಟಕದಿಂದ ನಾನು ತೆಗೆದ ತೀರ್ಮಾನ ಸರಿಯೇ?’ ಎಂದು ಕೇಳಿದರೆ ಉತ್ತರ ಬೇಗ ಬರುತ್ತದೆ. ಸಹಪಾಠಿಗಳ ಪೈಕಿ ಬೇರೆ ವಿಷಯದ ಒಬ್ಬರಿಗೆ ಅಧ್ಯಾಯ ಕೊಟ್ಟು, ಓದಿದ ಮೇಲೆ ಅದರ ವಾದವನ್ನು ಕನ್ನಡದಲ್ಲಿ ಹೇಳಲು ಕೇಳಿ. ಅವರು ಹೇಳಿದ್ದು ನಿಮ್ಮ ಮೇಜಿನ ಎದುರು ಅಂಟಿಸಿದ ಹಾಳೆಯಲ್ಲಿ ಇರುವುದಕ್ಕಿಂತ ಬೇರೆಯಾಗಿದ್ದರೆ, ಯಾವ ಪುಟದಲ್ಲಿ ದಾರಿ ತಪ್ಪಿತು ಎಂದು ಇಬ್ಬರೂ ಕೂತು ಹುಡುಕಿ, ಆ ಪುಟವನ್ನು ಮತ್ತೆ ಬರೆಯಿರಿ.